ಅರಿಸಿನ ಸುಡುತ್ತಿದ್ದ ತಿಲಕಸಿರಿ

ತಿಲಕಸಿರಿ ಅಮರಕೋನ್ ಕಳೆದ ಗುರುವಾರ ಬೆಳಗಿನ ಜಾವ ತೀರಿಕೊಂಡ. ಐವತ್ತೇಳು ವರ್ಷ. ಹೃದಯ ನಿಂತಿದೆ ಎಂದು ಡಾಕ್ಟರು ಬರೆದುಕೊಟ್ಟರು. ಪೆಟ್ಟಿಗೆಯಲ್ಲಿ ಮಲಗಿಸಿದಾಗಲೂ ಅವನ ಅಂಗೈಗಳು ಹಳದಿಯಾಗಿದ್ದವು. ದೂರದಿಂದ ಬಂದ ನೆಂಟರು ಕಾಮಾಲೆ ಇತ್ತೇನೋ ಎಂದು ಪಿಸುಗುಟ್ಟಿದರು. ಕಾಮಾಲೆ ಇರಲಿಲ್ಲ.

ಕಲ್ಪಿಟಿಯದ ಹಿನ್ನೀರಿನ ದಂಡೆಯಲ್ಲಿ ಕಸ್ಟಮ್ಸಿನವರು ಕಳ್ಳಮಾಲು ಹಿಡಿದಿಡುವ ಶೆಡ್ಡಿಗೆ ಅವನು ಇಪ್ಪತ್ತಾರು ವರ್ಷ ಕಾವಲುಗಾರ. ಬೀಗದ ಕೈ ಸೊಂಟ ಬಿಟ್ಟು ಇಳಿದದ್ದಿಲ್ಲ. ಒಮ್ಮೆ ಶೆಡ್ಡಿನ ಬೀಡಿ ಎಲೆಯ ಚೂರೊಂದು ಪ್ಯಾಂಟಿನ ಮಡಿಕೆಯಲ್ಲಿ ಸಿಕ್ಕಿಕೊಂಡು ಮನೆಯವರೆಗೆ ಬಂದಿತ್ತು. ಅದನ್ನು ಅಲ್ಲಿಯೇ ಹಾಕಿಬರಲು ಬಿಸಿಲಲ್ಲಿ ಎರಡು ಮೈಲಿ ಹಿಂದಕ್ಕೆ ನಡೆದ ಮನುಷ್ಯ. ಊರು ನಕ್ಕಿತು. ಅವನಿಗೆ ಅದರಲ್ಲಿ ನಗುವಂಥದ್ದು ಏನೂ ಕಾಣಲಿಲ್ಲ.

ಆ ವರ್ಷಗಳ ಕೊನೆಯಲ್ಲಿ ಕೊಲಂಬೊದಲ್ಲಿ ಕೂತವರು ಮೊದಲು ತೆರಿಗೆ ಇಳಿಸಿದರು. ಜನ ಪಟಾಕಿ ಹೊಡೆದರು. ಬೊಕ್ಕಸಕ್ಕೆ ಬರುವುದು ಕಡಿಮೆಯಾಯಿತು, ಹೋಗುವುದು ಮೊದಲಿನಷ್ಟೇ ಇತ್ತು. ನಡುವೆ ಬಿದ್ದ ಕಂದರಕ್ಕೆ ನೋಟು ಅಚ್ಚುಹಾಕಿ ಸುರಿದರು. ನೋಟು ಅಚ್ಚಾಗುತ್ತದೆ, ಡಾಲರು ಅಚ್ಚಾಗುವುದಿಲ್ಲ. ಅದು ಬತ್ತುತ್ತ ಬಂದಾಗ, ಹೊರದೇಶದಿಂದ ತರಬಾರದ ಸಾಮಾನುಗಳ ಪಟ್ಟಿ ಹೊರಟಿತು. ಕಾರು, ಟೈಲ್ಸು, ಟಾಯ್ಲೆಟ್ಟಿನ ಬೇಸಿನ್ನು. ಆ ಸಾಲಿನಲ್ಲಿ ಅರಿಸಿನವೂ ಇತ್ತು. ಪ್ರತಿ ಆದೇಶದ ಕೊನೆಗೂ ‘ತಾತ್ಕಾಲಿಕ’ ಎಂಬ ಒಂದು ಮಾತು. ತಿಲಕಸಿರಿ ಆ ಮಾತನ್ನು ದೇವರ ಮಾತಿನಂತೆ ನಂಬಿದ.

"ಏನೇ ಇದು, ಬೇಳೆ ಸಾರು ಹಿಂಗೆ ಬಿಳಿಚಿಕೊಂಡಿದೆ? ಜ್ವರ ಬಂದಿದ್ಯಾ ಅದಕ್ಕೆ?" ಎಂದ ಒಂದು ಮಧ್ಯಾಹ್ನ.

"ಅರಿಶ್ಣ ಇಲ್ಲ," ಎಂದಳು ಹೆಂಡತಿ ಸೀಲಾವತಿ. "ಕೇಜಿಗೆ ಐದು ಸಾವಿರ ಅಂತೆ. ಹಿತ್ತಲಲ್ಲಿ ನಾಲ್ಕು ಗಡ್ಡೆ ನೆಡೋಣ ಅಂದೆ, ನೀವು ಕೇಳಿದ್ರಾ?"

"ಅರಿಶ್ಣ ಬರೋಕೆ ಒಂಬತ್ತು ತಿಂಗಳು ಬೇಕು ಕಣೇ. ಈ ಕಟ್ಟುಪಾಡು ಮೂರೇ ತಿಂಗಳು. ಟೀವೀಲಿ ಮಂತ್ರಿನೇ ಹೇಳಿದ್ನಲ್ಲ. ನಾವು ಕೀಳೋ ಹೊತ್ತಿಗೆ ಅಂಗಡೀಲಿ ಚೀಲಗಟ್ಟಲೆ ಬಿದ್ದಿರತ್ತೆ."

"ಮಂತ್ರಿ ಮನೆ ಸಾರು ಯಾವ ಬಣ್ಣ ಅಂತಾನೂ ಟೀವೀಲಿ ತೋರಿಸಿದ್ರೆ ಚೆನ್ನಾಗಿತ್ತು."

ಅವನು ನೆಡಲಿಲ್ಲ. ಮೂರು ತಿಂಗಳು ಆರಾಯಿತು, ಆರು ಒಂಬತ್ತಾಯಿತು.

ಅಷ್ಟರಲ್ಲಿ ಕಡಲಾಚೆಯಿಂದ ದೋಣಿಗಳಲ್ಲಿ ಅರಿಸಿನ ಕದ್ದುಮುಚ್ಚಿ ಬರತೊಡಗಿತ್ತು. ಸಿಕ್ಕಿದ್ದೆಲ್ಲ ಶೆಡ್ಡಿಗೆ ಬಂತು. ಹರಾಜು ಹಾಕಿದರೆ ಕಳ್ಳರಿಗೆ ನಾವೇ ದಾರಿ ತೋರಿಸಿದಂತೆ, ಸುಟ್ಟುಬಿಡಿ ಎಂದು ಮೇಲಿನಿಂದ ಅಪ್ಪಣೆಯಾಯಿತು. ದಂಡೆಯ ಮರಳಲ್ಲಿ ಗುಂಡಿ ತೋಡಿ, ಚೀಲ ಸುರಿದು, ಸೀಮೆಎಣ್ಣೆ ಹೊಯ್ದು ಕಡ್ಡಿ ಗೀರುವ ಕೆಲಸ ತಿಲಕಸಿರಿಯದು. ಇಡೀ ಊರಿಗೆ ಮದುವೆಮನೆಯ ಅಡಿಗೆಯ ವಾಸನೆ. ಬೇಲಿಯಾಚೆ ಹೆಂಗಸರು ಸೆರಗಿನಿಂದ ಮೂಗು ಮುಚ್ಚದೆ ನಿಲ್ಲುತ್ತಿದ್ದರು.

"ಏಯ್ ತಿಲಕಸಿರಿ," ಎಂದು ಪಕ್ಕದ ಮನೆಯ ಮುದುಕಿ ರಣ್‌ಮೆಣಿಕಾ ಕೂಗಿದಳು, "ಇಡೀ ದೇಶಕ್ಕೆ ಒಬ್ನೇ ಒಗ್ಗರಣೆ ಹಾಕ್ತಿದ್ದೀಯಲ್ಲೋ! ನಮ್ ಪಾತ್ರೆ ಕಡೆ ಒಂದ್ ಸ್ವಲ್ಪ ಹೊಗೆನಾದ್ರೂ ತಿರುಗಿಸಪ್ಪಾ!"

"ಡಾಲರ್ ಉಳಿಸೋಕೆ ಅತ್ತೆ. ಸ್ವಲ್ಪ ದಿನ ತಡ್ಕೊಳ್ಳಿ."

"ತಡ್ಕೊಳ್ತೀನಿ. ನನ್ ಗಂಡಂಗೂ ಹೇಳ್ತೀನಿ, ಡಾಲರ್ ಉಳಿಯೋ ತಂಕ ಸಾಯಬೇಡ ಅಂತ."

ಫೆಬ್ರವರಿಯಲ್ಲಿ ತಿಲಕಸಿರಿಯ ತಾಯಿ ಸತ್ತಳು.

ನಮ್ಮಲ್ಲಿ ಮಣ್ಣು ಮಾಡಿ ಬಂದವರು ಗೇಟಿನ ಬಳಿ ಇಟ್ಟ ಅರಿಸಿನದ ನೀರಲ್ಲಿ ಕೈ, ಮುಖ ತೊಳೆದೇ ಒಳಗೆ ಬರಬೇಕು. ಅದೇ ನೀರನ್ನು ಸತ್ತವರ ಕೋಣೆಗೂ ಹೊಸ್ತಿಲಿಗೂ ಚಿಮುಕಿಸಿದರೆ ಸೂತಕ ಕಳೆಯುತ್ತದೆ. ಮಣ್ಣಿನ ಹಿಂದಿನ ದಿನ ಸೀಲಾವತಿ ಗಂಡನ ತೋಳು ಹಿಡಿದು ಬೇಡಿದಳು.

"ಶೆಡ್ಡಲ್ಲಿ ಹದಿನೆಂಟು ಚೀಲ ಇದೆ ಅಂತ ನೀವೇ ಅಂದ್ರಿ. ವಾರ ಕಳೆದ್ರೆ ಸುಡೋದೇ ತಾನೆ? ಒಂದು ಮುಷ್ಟಿ ಕಡಿಮೆ ಸುಟ್ರೆ ಯಾವ ಬೊಕ್ಕಸ ಬರಿದಾಗತ್ತೆ? ನಿಮ್ ಅಮ್ಮಂಗೆ ಕಣ್ರೀ."

ಅವನು ಹೋದ. ಬೀಗ ತೆಗೆದ. ಚೀಲದ ಬಾಯಿ ಬಿಚ್ಚಿದ. ಎಷ್ಟು ಹೊತ್ತು ಹಾಗೆ ನಿಂತಿದ್ದನೋ ಅವನಿಗೂ ಗೊತ್ತಿರಲಿಲ್ಲ. ಮತ್ತೆ ಕಟ್ಟಿ, ಬೀಗ ಹಾಕಿ, ಬರಿಗೈಯಲ್ಲಿ ಬಂದ. ಸೀಲಾವತಿ ಅಂಗಡಿಗೆ ಹೋಗಿ ಚಿಕ್ಕ ಪೊಟ್ಟಣ ತಂದಳು.

ಮಣ್ಣು ಮಾಡಿ ಬಂದವರಲ್ಲಿ ಗೇಟಿನ ಬಳಿಯ ಬೇಸಿನ್ನಿಗೆ ಮೊದಲು ಕೈ ಹಾಕಿದವಳು ರಣ್‌ಮೆಣಿಕಾ. ಹಾಕಿದವಳು ಹಾಗೆಯೇ ನಿಂತಳು. ಹಳದಿ ನೀರು ತಿಳಿಯಾಗಿ ತಳದಲ್ಲಿ ಬಿಳಿಯದು ಕೂತಿತ್ತು. ಅದನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

"ಮೈದಾ ಹಿಟ್ಟು," ಎಂದಳು. ಈ ಸಲ ದನಿಯಲ್ಲಿ ಕುಚೋದ್ಯವಿರಲಿಲ್ಲ. "ಅಷ್ಟೊಂದು ಸುಟ್ಯಲ್ಲೋ ಮಗನೇ. ಹೆತ್ತವಳಿಗೆ ಒಂದು ಚಿಟಿಕೆ ಸಿಗಲಿಲ್ವಾ?"

ಯಾರೂ ನಗಲಿಲ್ಲ. ಎಲ್ಲರೂ ಆ ನೀರಲ್ಲೇ ಕೈ ಅದ್ದಿ ಒಳಗೆ ಬಂದರು. ತಿಲಕಸಿರಿ ಮಾತ್ರ ಹಿಟ್ಟಿನ ನೀರನ್ನು ಅಮ್ಮನ ಕೋಣೆಗೆ ಚಿಮುಕಿಸಲು ಬಿಡಲಿಲ್ಲ. ಕೋಣೆ ಹಾಗೆಯೇ ಉಳಿಯಿತು. ಚಾಪೆ ಸುತ್ತಿಟ್ಟು ಬಾಗಿಲು ಎಳೆದುಕೊಂಡ. ಮೊದಲ ವರ್ಷವೇ ನೆಟ್ಟಿದ್ದರೆ ಜನವರಿಗೆ ಗಡ್ಡೆ ಬರುತ್ತಿತ್ತು. ಅಮ್ಮ ಹೋದದ್ದು ಫೆಬ್ರವರಿಯಲ್ಲಿ. ಈ ಲೆಕ್ಕವನ್ನು ಅವನು ಆಮೇಲೆ ಎಷ್ಟು ಸಲ ಹೇಳಿದನೋ. ಸರ್ಕಾರವನ್ನು ಬೈಯಲಿಲ್ಲ. "ಮೂರು ತಿಂಗಳು ಅಂದ್ರು, ನಾನು ನಂಬಿದೆ," ಎನ್ನುತ್ತಿದ್ದ, ತಪ್ಪು ಒಪ್ಪಿಕೊಳ್ಳುವವನ ಹಾಗೆ.

ಏಪ್ರಿಲಿನಲ್ಲಿ ದುಬಾರಿ ಬೆಲೆಗೆ ಬಿತ್ತನೆಗಡ್ಡೆ ಕೊಂಡು ಹಿತ್ತಲಲ್ಲಿ ನೆಟ್ಟ. ತಿಂಗಳು ತುಂಬುವ ಮೊದಲೇ, ಡಾಲರು ಉಳಿಸಲೆಂದೇ, ಗೊಬ್ಬರವೂ ಬೆಳೆಗೆ ಹೊಡೆಯುವ ಔಷಧಿಯೂ ರಾತ್ರೋರಾತ್ರಿ ಪಟ್ಟಿ ಸೇರಿದವು. ಮಳೆಗೆ ಬುಡ ಕೊಳೆತು ಪಾತಿ ಬೋಳಾಯಿತು. ಉಳಿದದ್ದು ಎರಡು ಬೊಗಸೆ ಗಡ್ಡೆ. ಅದನ್ನು ಬಿತ್ತನೆಗೆಂದು ಮುಟ್ಟಗೊಡದೆ ಮರಳಲ್ಲಿ ಹೂತಿಟ್ಟು ಮುಂದಿನ ಏಪ್ರಿಲಿಗೆ ಕಾದ. ಆ ಏಪ್ರಿಲಿನಲ್ಲಿ ಅದನ್ನು ನೆಟ್ಟ. ಅದೇ ತಿಂಗಳು ದೇಶ ಹೊರಗಿನ ಸಾಲ ತೀರಿಸಲಾರೆ ಎಂದು ಕೈಚೆಲ್ಲಿತು. ಸಂಬಳ ಅಷ್ಟೇ ಬರುತ್ತಿತ್ತು, ಅಕ್ಕಿ ಅರ್ಧ ಬರುತ್ತಿತ್ತು. ಸೀಮೆಎಣ್ಣೆಯ ಸಾಲಿನಲ್ಲಿ ಮೂರು ದಿನ ನಿಂತು ಬಂದವನು ಕ್ಯಾನು ಕೆಳಗಿಟ್ಟು ನೇರ ಹಿತ್ತಲಿಗೆ ಹೋಗಿ ಕಳೆ ಕಿತ್ತ.

"ಅಂಗಡೀಲಿ ಬೆಲೆ ಇಳಿದಿದೆ ಈಗ," ಎಂದಳು ಸೀಲಾವತಿ ಕಳೆದ ತಿಂಗಳು. "ನೂರು ಗ್ರಾಂ ತಂದು ಆ ಕೋಣೆ ಶುದ್ಧ ಮಾಡ್ಬಿಡೋಣ. ಎರಡು ವರ್ಷ ಆಯ್ತು."

"ಎಲೆ ಒಣಗ್ತಾ ಇದೆ. ಗಡ್ಡೆ ಇನ್ನೇನು ಬಂತು," ಎಂದ.

ಕಳೆದ ಬುಧವಾರ ರಣ್‌ಮೆಣಿಕಾಳ ಗಂಡನ ಮಣ್ಣು. ಬೆಳಿಗ್ಗೆ ತಿಲಕಸಿರಿ ಪಾತಿ ಅಗೆದ. ಹೆಬ್ಬೆರಳ ಗಾತ್ರದ ಗಡ್ಡೆಗಳು. ತೊಳೆದು, ತಾನೇ ಕಲ್ಲಿನ ಮೇಲೆ ಜಜ್ಜಿ, ನೀರಿಗೆ ಹಿಂಡಿ, ಬೇಸಿನ್ನನ್ನು ಅವಳ ಗೇಟಿನ ಬಳಿ ಇಟ್ಟು ಪಕ್ಕದಲ್ಲಿ ನಿಂತ. ಸಂಜೆ ಎಲ್ಲರೂ ಬಂದರು. ಮುದುಕಿ ಕೈ ಅದ್ದಿದಳು. ತಳ ನೋಡಿದಳು. ಆಮೇಲೆ ಅವನ ಮುಖ ನೋಡಿದಳು.

"ಶೆಡ್ಡಿಂದೇನೋ?"

"ಹಿತ್ತಲದು ಅತ್ತೆ."

ಅವಳು ಒದ್ದೆ ಕೈಯಿಂದ ಅವನ ಕೆನ್ನೆ ಮುಟ್ಟಿ ಒಳಗೆ ಹೋದಳು.

ಬೇಸಿನ್ನಲ್ಲಿ ಉಳಿದದ್ದನ್ನು ಅವನು ಮನೆಗೆ ಹೊತ್ತು ತಂದ. ಅಮ್ಮನ ಕೋಣೆಯ ಬಾಗಿಲು ತಳ್ಳಿ, ನಾಲ್ಕು ಮೂಲೆಗೆ, ಸುತ್ತಿಟ್ಟ ಚಾಪೆಗೆ, ಕೊನೆಗೆ ಹೊಸ್ತಿಲಿಗೆ, ನೀರು ತೀರುವವರೆಗೆ ಬೆರಳುಗಳಿಂದ ಚಿಮುಕಿಸಿದ. ಸೀಲಾವತಿ ಟವೆಲು ಹಿಡಿದಳು. ಬೇಡವೆಂದು ತಲೆಯಾಡಿಸಿ, ಆ ಚಾಪೆಯನ್ನೇ ಬಿಡಿಸಿ, ಕೈ ಒರೆಸಿಕೊಳ್ಳದೆ ಮಲಗಿದ.