ಮದುಮಗಳ ಅಂಗೈಯಲ್ಲಿ ನನ್ನ ಲೆಕ್ಕ

"ಟೀಚರ್, ಇದು ನಿಮ್ಮದೇ ಲೆಕ್ಕ ಅಂತೆ, ನೋಡಿ," ಎಂದು ಮದುಮಗಳು ಅಂಗೈ ಬಿಚ್ಚಿ ನನ್ನ ಮುಂದೆ ಹಿಡಿದಳು. ನನ್ನ ಒಂಬತ್ತನೇ ಕ್ಲಾಸಿನ ಮುಬೀನಾಳ ಅಕ್ಕನ ಮದುವೆಗೆಂದು ಮಾಣಿ ಊರಿನ ಮದುವೆ ಹಾಲ್‌ಗೆ ಹೋಗಿದ್ದೆ. ಮೆಹಂದಿಯಲ್ಲಿ ಎಂದಿನ ಹೂಬಳ್ಳಿ ಇರಲಿಲ್ಲ. ನಾವು ಕಂಪ್ಯೂಟರ್ ಲ್ಯಾಬಿನಲ್ಲಿ ಬಿಡಿಸಿದ್ದ ಫ್ರಾಕ್ಟಲ್ ಇತ್ತು: ತ್ರಿಕೋನದ ಪ್ರತಿ ಬದಿಯಲ್ಲಿ ಪುಟ್ಟ ತ್ರಿಕೋನ, ಅದರ ಬದಿಯಲ್ಲಿ ಇನ್ನೂ ಪುಟ್ಟದು, ಹಾಗೇ ಬೆರಳ ತುದಿಯವರೆಗೆ. ಕಂಪ್ಯೂಟರಿಗಾದರೆ ನಿಯಮ ಕೊಟ್ಟರೆ ಸಾಕು, ಉಳಿದದ್ದನ್ನು ಅದೇ ಬಿಡಿಸುತ್ತದೆ. ಮುಬೀನಾ ಮೆಹಂದಿ ಕೋನ್ ಹಿಡಿದು ಕೈಯಲ್ಲೇ ಬಿಡಿಸಿದ್ದಳು. ತಪ್ಪು ಹುಡುಕುವುದು ನನ್ನ ಅಭ್ಯಾಸ, ಹುಡುಕಿದೆ, ಸಿಗಲಿಲ್ಲ.

"ನಿನ್ನೆ ಇವಳು ನಿಲ್ಲಿಸ್ಲೇ ಇಲ್ಲ ಟೀಚರ್. ಸಾಕು ಮಾರಾಯ್ತಿ ಅಂದ್ರೆ, ಇದಕ್ಕೆ ಕೊನೆಯೇ ಇಲ್ಲ ಅಂತ ಹೇಳ್ತಾಳೆ. ನನಗೆ ಊಟಕ್ಕೆ ಒಂದು ಕೈ ಬೇಡ್ವಾ?" ಎಂದು ಅಕ್ಕ ದೂರಿದಳು.

ಪಕ್ಕದಲ್ಲೇ ನಿಂತಿದ್ದ ಮುಬೀನಾಳಿಗೆ ಬೇರೆಯೇ ಬೇಸರ. "ಕೋನಿನ ತೂತು ದೊಡ್ಡದಾಯ್ತು ಟೀಚರ್. ಇಲ್ಲದಿದ್ರೆ ಇನ್ನೂ ಸಣ್ಣದು ಹಾಕ್ಬಹುದಿತ್ತು."

ಬೋರ್ಡಿನಲ್ಲಿ ನಾನು ಬರೆದದ್ದನ್ನೆಲ್ಲ ಮುಂದಿನ ಪೀರಿಯಡ್‌ನವರು ಒರೆಸಿಬಿಡುತ್ತಾರೆ. ನನ್ನ ಪಾಠವೊಂದು ಮದುಮಗಳ ಕೈಯೇರಿ ಗಂಡನ ಮನೆಗೆ ಹೊರಟದ್ದು ಇದೇ ಮೊದಲು.