ಅಪ್ಪ ಕ್ರಿಸ್ತವಿರೋಧಿಯಾದ ಬೆಳಿಗ್ಗೆ

ಲೋಕಾಂತ್ಯದ ಸಿನಿಮಾಗಳಲ್ಲಿ ನನ್ನಂಥವರಿಗೆ ಒಂದು ಖಾಯಂ ಪಾತ್ರವಿದೆ. ಕಾಲೇಜು ಓದಿ, ಕನ್ನಡಕ ಹಾಕಿಕೊಂಡು, ಎಲ್ಲದಕ್ಕೂ ಒಂದು ಕಾರಣ ಇದ್ದೇ ಇರುತ್ತದೆ ಎನ್ನುವವರು ಆ ಪಾತ್ರ ಮಾಡುತ್ತಾರೆ. ಭಕ್ತರು ರೆಪ್ಪೆ ಬಡಿಯುವಷ್ಟರಲ್ಲಿ ಪರಲೋಕಕ್ಕೆ ಎತ್ತಲ್ಪಟ್ಟಾಗ ಕೆಳಗೆ ಉಳಿಯುವವರು ಇವರೇ.

ಇದನ್ನು ನನಗೆ ಕಲಿಸಿದವರು ದಾಂಡೇಲಿಯ ನಮ್ಮ ಪಕ್ಕದ ಮನೆಯ ಟೀಚರ್. ಚರ್ಚಿನ ಭಾನುವಾರದ ಶಾಲೆಯಲ್ಲಿ ತಲೆಮಾರುಗಟ್ಟಲೆ ಮಕ್ಕಳನ್ನು ಗದರಿಸಿದವರು. ಅವರ ಪೆನ್‌ಡ್ರೈವಿನ ತುಂಬ ಅಂಥ ಸಿನಿಮಾಗಳೇ ಇದ್ದವು, ಕೆಲವು ಹಿಂದಿಗೆ, ಕೆಲವು ತಮಿಳಿಗೆ ಡಬ್ ಆದವು. ನಾವು ಧಾರವಾಡ ಕಡೆಯ ಲಿಂಗಾಯತರು. ಆದರೆ ಟೀಚರ್ ಮನೆಯ ಟಿವಿ ದೊಡ್ಡದು, ಪೇಪರ್ ಮಿಲ್ಲಿನಿಂದ ನಿವೃತ್ತರಾದ ಅಪ್ಪನಿಗೆ ಸಮಯವೂ ಬೇಕಾದಷ್ಟು. ಹೀಗಾಗಿ ಅಪ್ಪ ಲೋಕ ಮುಗಿಯುವುದನ್ನು ಹತ್ತಿಪ್ಪತ್ತು ಸಲ ನೋಡಿದ್ದರು, ಪ್ರತಿ ಸಲವೂ ಚುರುಮುರಿ ತಿನ್ನುತ್ತ.

ಹೋದ ಬೇಸಿಗೆಯಲ್ಲಿ ಟೀಚರ್ ಚರ್ಚಿನ ಕಾರ್ಯಕ್ರಮಕ್ಕೆಂದು ತಾವೇ ಅಂಥ ಒಂದು ಕಿರುಚಿತ್ರ ಮಾಡಹೊರಟರು. ಹಳಿಯಾಳದಲ್ಲಿ ಮದುವೆ ವಿಡಿಯೋ ತೆಗೆಯುವವನೊಬ್ಬ ಕ್ಯಾಮೆರಾ ತರಲು ಒಪ್ಪಿದ. ನಾನು ಹಳಿಯಾಳದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ರಜೆಗೆ ತವರಿಗೆ ಬಂದಿದ್ದ ನನ್ನ ತಲೆಗೆ ಕಥೆ ಬರೆಯುವ ಕೆಲಸ ಬಿತ್ತು.

ಬರೆಯಲು ಕೂತ ಮೇಲೆ ಗೊತ್ತಾಯಿತು, ಬರೆಯುವುದಕ್ಕೆ ಏನೂ ಉಳಿದಿರಲಿಲ್ಲ. ಎಲ್ಲಕ್ಕೂ ಮೊದಲೇ ನಿಯಮಗಳಿದ್ದವು. ಎತ್ತಲ್ಪಟ್ಟವರ ಬಟ್ಟೆ ಕುರ್ಚಿಯ ಮೇಲೆ ಮಡಚಿಟ್ಟ ಹಾಗೆ ಬಿದ್ದಿರಬೇಕು.

"ಕಣ್ಣು ಮಿಟುಕಿಸೂದ್ರಾಗ ಹೋದವ್ರು ಬಟ್ಟಿ ಯಾವಾಗ ಮಡಚಿದ್ರು ಟೀಚರ್?"

"ಪರಲೋಕಕ್ಕ ಹೋಗೋವ್ರು ಶಿಸ್ತಿನವ್ರು ಇರ್ತಾರವ್ವಾ. ನಿನ್ನ ಹಂಗ ಹಾಸಿಗಿ ಮ್ಯಾಲ ಟಾವೆಲ್ ಒಗದು ಹೋಗೂದಿಲ್ಲ."

ಮನೆಯಲ್ಲಿ ಒಂದಾದರೂ ವಸ್ತು ನಡೆಯುತ್ತಲೇ ಇರಬೇಕು: ತೆರೆದ ನಳ, ಕೂಗುವ ಕುಕ್ಕರ್. ಹೋದವರಲ್ಲಿ ಒಬ್ಬರು ಉಳಿದವರಿಗಾಗಿ ಎಲ್ಲವನ್ನೂ ವಿವರಿಸಿ ಮೊಬೈಲಿನಲ್ಲಿ ಮಾತಾಡಿಟ್ಟಿರಬೇಕು. ನಾಯಕಿ ಬೈಬಲ್ ತೆರೆದು ಎರಡು ಪುಟ ಓದಿ ಮುಗಿಸುವ ತನಕ ಶತ್ರುಗಳು ಬಾಗಿಲ ಹೊರಗೆ ಮರ್ಯಾದೆಯಿಂದ ಕಾಯಬೇಕು. ಲೋಕಾಂತ್ಯಕ್ಕೆ ಮುಂಚೆ ಬಂದು ಜನರನ್ನು ಮರುಳುಮಾಡುವ ಖಳನಾಯಕ, ಕ್ರಿಸ್ತವಿರೋಧಿ, ಎಂದೂ ಕೂಗಾಡಕೂಡದು. ಕೋಟು ಹಾಕಿ, ಮೆಲ್ಲಗೆ, ಶಾಂತಿಯ ಬಗ್ಗೆ ಮಾತಾಡಬೇಕು.

ನಾನು ಜಗಳವಾಡಿದ್ದು ಒಂದೇ ನಿಯಮಕ್ಕೆ. ಆಕಾಶದಲ್ಲಿ ಕೊನೆಯ ತುತ್ತೂರಿ ಮೊಳಗುತ್ತದೆ, ಎಲ್ಲರಿಗೂ ಕೇಳುತ್ತದೆ, ಆದರೂ ಜನ ಚಹಾ ಕುಡಿಯುತ್ತ ನಿಂತಿರುತ್ತಾರೆ. ಇದನ್ನು ಯಾರೂ ನಂಬುವುದಿಲ್ಲ, ಅಷ್ಟು ದೊಡ್ಡ ಶಬ್ದ ಬಂದರೆ ಮನುಷ್ಯ ಕನಿಷ್ಠ ತಲೆ ಎತ್ತಿ ನೋಡುತ್ತಾನೆ ಎಂದು ವಾದಿಸಿದೆ. ಟೀಚರ್ ಕೇಳಲಿಲ್ಲ. ತುತ್ತೂರಿ ಉಳಿಯಿತು, ಚಹಾವೂ ಉಳಿಯಿತು.

ಕಷ್ಟ ಬಂದದ್ದು ಕ್ರಿಸ್ತವಿರೋಧಿಯನ್ನು ಹುಡುಕುವಾಗ. ಅವನ ಹಣೆಯ ಮೇಲೆ ಸೈತಾನನ ಗುರುತಾದ ಮೂರು ಆರುಗಳ ಮುದ್ರೆ ಇರಬೇಕು. ಚರ್ಚಿನ ಒಬ್ಬರೂ ಆ ಮುದ್ರೆ ಹಾಕಿಸಿಕೊಳ್ಳಲು ತಯಾರಿರಲಿಲ್ಲ. ಕಾಡಿಗೆಯಲ್ಲಿ ಬರೆಯುತ್ತೇವೆ, ಸಾಬೂನು ಹಚ್ಚಿದರೆ ಹೋಗುತ್ತದೆ ಎಂದರೂ ಇಲ್ಲ. "ಸಾಬೂನು ಹಚ್ಚೂದ್ರಾಗ ಕರ್ತ ಯೇಸು ಬಂದ್ರ?" ಎಂದು ಒಬ್ಬರು ಕೇಳಿದರು.

ಚುರುಮುರಿ ತಿನ್ನುತ್ತಿದ್ದ ಅಪ್ಪ ಹಣೆಯ ವಿಭೂತಿ ತೋರಿಸಿದರು. "ನನ್ನ ಹಣಿ ಮ್ಯಾಲ ದಿನಾ ಮೂರು ಗೆರಿ ಇರ್ತಾವು. ಒಂದು ದಿನ ಮೂರು ಅಂಕಿ ಇದ್ರ ನಮ್ಮ ಶಿವ ಏನೂ ಅನ್ನಂಗಿಲ್ಲ. ಬರೀರಿ."

ಕೋಟು ನನ್ನ ಗಂಡನ ಮದುವೆಯದು. ಅಪ್ಪನಿಗೆ ತೋಳು ನಾಲ್ಕು ಬೆರಳು ಉದ್ದವಾಯಿತು. ಕ್ರಿಸ್ತವಿರೋಧಿ ಲೋಕವನ್ನುದ್ದೇಶಿಸಿ ಶಾಂತಿಯ ಭಾಷಣ ಮಾಡುವ ದೃಶ್ಯವನ್ನು ಮನೆಯ ಮಾಳಿಗೆಯ ಮೇಲೆ ತೆಗೆಯಬಹುದಿತ್ತು. ನಾನು ಕಾಳಿ ನದಿಯ ನಡುವಿನ ಬಂಡೆಯ ಮೇಲೆ ಎಂದು ಬರೆದೆ. ಸುತ್ತ ನೀರು, ನಡುವೆ ಒಬ್ಬಂಟಿ ಅಧಿಕಾರ, ಚೆನ್ನಾಗಿ ಕಾಣುತ್ತದೆ ಎಂದು. ಆ ಸಾಲನ್ನು ನಾನು ಬರೆದೆ. ಬೇರೆ ಯಾರೂ ಬರೆಯಲಿಲ್ಲ.

ಚಿತ್ರೀಕರಣದ ಬೆಳಿಗ್ಗೆ ನದಿಯಲ್ಲಿ ನೀರು ಪಾದ ಮುಳುಗುವಷ್ಟಿತ್ತು. ಮಂಡಿ ನೋವಿನ ಅಪ್ಪನನ್ನು ಕ್ಯಾಮೆರಾದವನೂ ನಾನೂ ಕೈಹಿಡಿದು ಕಲ್ಲಿಂದ ಕಲ್ಲಿಗೆ ದಾಟಿಸಿ ಬಂಡೆ ಹತ್ತಿಸಿದೆವು. ದಂಡೆಗೆ ಮರಳಿ ಟೀಚರ್ ತಂದ ಥರ್ಮಾಸಿನಿಂದ ಚಹಾ ಬಗ್ಗಿಸಿಕೊಂಡೆವು. ಅಪ್ಪ ಎರಡು ಸಲ ಭಾಷಣ ಮಾಡಿದರು. ಎರಡನೆಯ ಸಲ ನಡುವೆ ಸೈರನ್ ಕೂಗಿತು.

ಮೂವತ್ತೆರಡು ವರ್ಷ ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡ ಮನುಷ್ಯ ಬಂಡೆಯ ಮೇಲಿಂದಲೇ ತೀರ್ಪು ಕೊಟ್ಟರು: "ಏನಿಲ್ರೀ, ಮಿಲ್ಲಿಂದು. ಪಾಳಿ ಬಿಟ್ಟೈತಿ."

ಮಿಲ್ಲಿನ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದ ನಾನೂ ತಲೆಯಾಡಿಸಿದೆ. ಟೀಚರಂತೂ ಹಿಗ್ಗಿದರು. "ರೆಕಾರ್ಡ್ ಮಾಡೋ! ತುತ್ತೂರಿಗೆ ಇದ ಬೇಕಿತ್ತು!"

ಕೈಗಡಿಯಾರ ನೋಡಿದ್ದೆ. ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಪಾಳಿ ಬಿಡುವುದು ಎಂಟಕ್ಕೆ, ನಾಲ್ಕಕ್ಕೆ. ಹನ್ನೊಂದೂ ಇಪ್ಪತ್ತಕ್ಕೆ ಯಾವ ಮಿಲ್ಲಿನಲ್ಲೂ ಪಾಳಿ ಬಿಡುವುದಿಲ್ಲ. ನೋಡಿದೆ, ಮತ್ತೆ ಚಹಾ ಕುಡಿದೆ. ಅದು ಮೇಲಿನ ಅಣೆಕಟ್ಟಿನಿಂದ ನೀರು ಬಿಡುವ ಸೈರನ್ ಎಂಬುದು ಹೊಳೆದಾಗ ನಾವು ದಾಟಿದ ಕಲ್ಲುಗಳು ಕಾಣುತ್ತಿರಲಿಲ್ಲ.

ನೀರು ಸಿನಿಮಾದಲ್ಲಿ ಬರುವ ಹಾಗೆ ಗೋಡೆಯಂತೆ ಬರಲಿಲ್ಲ. ಸದ್ದಿಲ್ಲದೆ ಏರಿತು. ಅಪ್ಪನ ಚಪ್ಪಲಿ ತೋಯ್ದವು, ಆಮೇಲೆ ಪ್ಯಾಂಟಿನ ಅಂಚು. ಅವರಿಗೆ ಈಜು ಬರುವುದಿಲ್ಲ. ನಾನು ನೀರಿಗಿಳಿಯಲು ಹೋದೆ, ಕ್ಯಾಮೆರಾದವನು ಸೆರಗು ಹಿಡಿದು ಎಳೆದ. ಟೀಚರ್ ಮರಳಿನ ಮೇಲೆ ಮಂಡಿಯೂರಿ, ಕ್ರಿಸ್ತವಿರೋಧಿಯನ್ನು ಕಾಪಾಡು ಎಂದು ಕರ್ತನನ್ನು ಬೇಡತೊಡಗಿದರು. ತಪ್ಪು ಮನುಷ್ಯ ಉಳಿದುಬಿಟ್ಟಾನೆಂದು ಭಯವಾಯಿತೋ ಏನೋ, ಅಪ್ಪನ ಹೆಸರು, ಅಡ್ಡಹೆಸರು, ಮನೆ ನಂಬರು ಎಲ್ಲ ಸೇರಿಸಿದರು. ನಗು ಬರುವಂಥ ಪ್ರಾರ್ಥನೆ. ನಾನು ಅದರ ಪ್ರತಿ ಮಾತಿಗೂ ಆಮೆನ್ ಎಂದೆ.

"ಅಪ್ಪಾ, ಕುಂದರಬ್ಯಾಡ! ನಿಂತಕೋ!"

"ಕುಂತ್ರ ಕೋಟು ತೊಯ್ತೈತಿ, ಅದಕ್ಕ ನಿಂತೇನಿ!"

ಆಗ ತಿರುವಿನಲ್ಲಿ ಪ್ರವಾಸಿಗರ ರಬ್ಬರ್ ದೋಣಿ ಕಾಣಿಸಿತು. ಮುಂದೆ ಕೂತವರು ಕಿತ್ತಳೆ ಜಾಕೀಟಿನ ಆರು ಮಂದಿ, ಹಿಂದೆ ಹುಟ್ಟು ಹಾಕುವ ಅಂಬಿಗ, ಪಕ್ಕದ ಜೋಯಿಡಾದವನು. ನಾವು ಮೂವರೂ ಕಿರುಚಿದೆವು. ಪ್ರವಾಸಿಗರು ಕೈ ಬೀಸಿದರು. ಒಬ್ಬ ಬಂಡೆಯ ಮೇಲಿನ ಕೋಟುಧಾರಿಯ ಫೋಟೋ ತೆಗೆದ. ಜೋಯಿಡಾದವನಿಗೆ ಮಾತ್ರ ಅರ್ಥವಾಯಿತು. ದೋಣಿಯನ್ನು ಓರೆಯಾಗಿ ಬಿಟ್ಟು ಹಗ್ಗ ಎಸೆದ.

"ಅಜ್ಜಾ, ಹಗ್ಗ ಸೊಂಟಕ್ಕ ಸುತ್ತಿ ಜಿಗಿ! ಕೋಟ್ ಬಿಚ್ಚಿ ಒಗಿ!"

"ಬಿಚ್ಚಂಗಿಲ್ಲೋ, ಅಳಿಯಂದು ಇದು! ಮದುವಿದು!"

"ಅಳಿಯ ಬ್ಯಾರೆ ಕೋಟು ಹೊಲಿಸ್ತಾನ, ಮಾವ ಬ್ಯಾರೆ ಸಿಗೂದಿಲ್ಲ! ಜಿಗಿ!"

ಅಷ್ಟರಲ್ಲಿ ನೀರು ಸೊಂಟಕ್ಕೇರಿತ್ತು. ಅಪ್ಪ ಕೋಟಿನ ಸಮೇತ ಜಿಗಿದರು. ತಲೆ ಮುಳುಗಿತು. ನೀರಿನ ಮೇಲೆ ಏನೂ ಇರಲಿಲ್ಲ. ಎಷ್ಟು ಹೊತ್ತು ಎಂದು ಹೇಳಲಾರೆ. ಮೂರೇ ಸೆಕೆಂಡು ಎಂದು ಕ್ಯಾಮೆರಾದವನು ಹೇಳುತ್ತಾನೆ, ಅವನ ಬಳಿ ವಿಡಿಯೋ ಇದೆ. ನಾನು ನೋಡಿಲ್ಲ. ಆಮೇಲೆ ಕಿತ್ತಳೆ ಕೈಗಳು ಕಾಲರು ಹಿಡಿದು ಅವರನ್ನು ಮೇಲೆಳೆದವು. ಕಾಡಿಗೆ ಮುಖವೆಲ್ಲ ಹರಡಿ ಮೂರು ಆರುಗಳಲ್ಲಿ ಒಂದೂ ಉಳಿದಿರಲಿಲ್ಲ.

ಟೀಚರ್ ಸಿನಿಮಾ ಮುಗಿಸಲಿಲ್ಲ. ಕೊನೆಯಲ್ಲಿ ಕ್ರಿಸ್ತವಿರೋಧಿ ನಾಶವಾಗಲೇಬೇಕೆಂಬುದು ನಿಯಮ. "ಅಷ್ಟ ಬೇಡಿಕೊಂಡು ಉಳಿಸಿಕೊಂಡೇವಿ, ಈಗ ಯಾವ ಮುಖಾ ಇಟಕೊಂಡು ಕೊಲ್ಲೂದು?" ಎಂದರು.

ಈಗ ಯಾರಾದರೂ ಕೇಳಿದರೆ ನಾನು ಈ ಕಥೆಯನ್ನು ನಗಿಸುತ್ತಲೇ ಹೇಳುತ್ತೇನೆ. ಆದರೆ ಹೇಳಿದಷ್ಟು ಸಲವೂ ದೋಣಿ ಸ್ವಲ್ಪ ಬೇಗ ಬರುತ್ತದೆ, ನೀರು ಸ್ವಲ್ಪ ಕಡಿಮೆ ಇರುತ್ತದೆ. ಮೊನ್ನೆ ಬಂದ ನೆಂಟರಿಗೆ, ನೀರು ಅಪ್ಪನ ಪಾದಕ್ಕೆ ಬಂದಿತ್ತಷ್ಟೆ, ತಲೆ ಮುಳುಗಲೇ ಇಲ್ಲ ಎಂದೆ.

ಒಳಗಿನ ಕೋಣೆಯಿಂದ ಅಪ್ಪ ಕೂಗಿದರು. "ಖೊಟ್ಟಿ ಹೇಳಬ್ಯಾಡವಾ! ನಡಾಮಟ ಬಂದಿತ್ತು. ಮೂಗಿನ್ಯಾಗೂ ಹೊಕ್ಕಿತ್ತು."

"ಆತಪಾ, ನಡಾಮಟ, ಸೊಂಟದ ತನಕ," ಎಂದೆ. ಕೈಯಲ್ಲಿದ್ದ ಚಹಾದ ಕಪ್ಪು-ಬಸಿಯನ್ನು ಮೇಜಿನ ಮೇಲಿಟ್ಟು ನೆಂಟರಿಗೆ ಮೊದಲಿನಿಂದ, ನಡೆದದ್ದನ್ನು ನಡೆದ ಹಾಗೆ ಹೇಳಿದೆ.