ಟವಲ್ ಹಾಕಿದ ಸೀಟು: ಹ್ಯಾಂಬರ್ಗ್‌ನಿಂದ ಬಂಗಾರಪೇಟೆಗೆ

ನಾವು ಹ್ಯಾಂಬರ್ಗ್ ಬಿಟ್ಟ ಸಂಜೆ ಜಡಿಮಳೆ ಹಿಡಿದಿತ್ತು. ನನ್ನ ಅಕ್ಕ ನಾರಾಯಣಕ್ಕನ ಮಗಳು ಶಶಿಕಲಾ ಅಲ್ಲಿ ನರ್ಸ್. ಅವಳ ಬಾಣಂತನಕ್ಕೆ ಅಳಿಯನ ಜೊತೆ ಹೋಗಿದ್ದ ಅಕ್ಕನನ್ನು ವಾಪಸು ಕರೆತರಲು ಕಾರ್ಖಾನೆಗೆ ಎರಡು ವಾರ ರಜೆ ಹಾಕಿ ನಾನು ಹೋಗಿದ್ದೆ. ನಾನು ಓದಿದ್ದು ಏಳನೇ ಕ್ಲಾಸು. ಆದರೆ ಬಂಗಾರಪೇಟೆಯಿಂದ ವೈಟ್‌ಫೀಲ್ಡಿಗೆ ದಿನಾ ರೈಲಿನಲ್ಲಿ ಓಡಾಡುವವನು. ಪ್ರಯಾಣವೆಂದರೆ ಮುನಿರಾಜನಿಗೆ ಗೊತ್ತು ಎಂದು ಮನೆಯವರೂ ನಂಬಿದ್ದರು, ನಾನೂ ನಂಬಿದ್ದೆ.

ಬಾಗಿಲಲ್ಲಿ ಶಶಿ ಮತ್ತೆ ಮತ್ತೆ ಹೇಳಿದಳು: "ಮಾಮ, ದುಬೈನಾಗೆ ಇಳ್ದು ಇನ್ನೊಂದು ವಿಮಾನ ಅತ್ಬೇಕು. ಏರ್‌ಪೋರ್ಟ್ ಒಳ್ಗೇ ಒಂದು ಪುಟ್ಟ ರೈಲೈತೆ. ಓಡ್ಬೇಡ, ಸೀಟ್ ನಂಬರ್ ಚೀಟೀಲೇ ಐತೆ. ಅಮ್ಮನ ಕೈ ಮಾತ್ರ ಬಿಡ್ಬೇಡ."

"ನಂಗೇ ರೈಲು ಏಳ್ಕೊಡ್ತೀಯೇನಮ್ಮಿ?" ಎಂದೆ.

ಇಬ್ಬರ ಪಾಸ್‌ಪೋರ್ಟು, ಬೋರ್ಡಿಂಗ್ ಪಾಸು ನನ್ನ ಸೊಂಟದ ಚೀಲದಲ್ಲಿದ್ದವು. "ನಂದು ನನ್ತಾವೇ ಇರ್ಲಿ ಕಣ್ಲಾ" ಎಂದು ಅಕ್ಕ ಕೈ ಚಾಚಿದಳು. "ಕಳ್ದಾಕ್ಬಿಡ್ತೀಯ, ಸುಮ್ನಿರಕ್ಕ" ಎಂದು ಜಿಪ್ ಎಳೆದೆ.

ವಿಮಾನ ತಡವಾಗಿ ಹೊರಟಿತು. ಆರು ಗಂಟೆಯ ಹಾದಿ. ವಿಮಾನದವರು ಕೊಟ್ಟ ಊಟ ಮುಟ್ಟದೆ ಅಕ್ಕ, ಮಗಳ ಮನೆಯಲ್ಲೇ ತಟ್ಟಿ ತಂದಿದ್ದ ರಾಗಿ ರೊಟ್ಟಿ ಬಿಚ್ಚಿದಳು. ಮುಂದಿನ ಸೀಟಿನ ಬಿಳಿಯ ಮುದುಕಿಗೂ ಒಂದು ಚೂರು ಕೊಟ್ಟಳು. ಆಕೆ ತಿಂದು ತಲೆದೂಗಿದಳು.

ದುಬೈನಲ್ಲಿ ಇಳಿದಾಗ ಬೆಳಗಾಗಿತ್ತು. ಬೆಂಗಳೂರಿನ ವಿಮಾನಕ್ಕೆ ಒಂದು ಗಂಟೆಯೂ ಉಳಿದಿರಲಿಲ್ಲ. ಮತ್ತೊಮ್ಮೆ ತಪಾಸಣೆ. ನಾನು ದಾಟಿದೆ. ಅಕ್ಕನ ಚೀಲದಲ್ಲಿ ಮಗುವಿಗೆ ಹಾಲು ಕುಡಿಸಿದ ಬೆಳ್ಳಿ ಒಳಲೆ ಇತ್ತು. ಅದೇನೆಂದು ತಿಳಿಯದೆ ಅಲ್ಲಿನವರು ಚೀಲವನ್ನು ಪಕ್ಕಕ್ಕೆ ತೆಗೆದಿಟ್ಟರು.

ನಮ್ಮ ಕಡೆ ಒಂದು ಪದ್ಧತಿಯಿದೆ. ಬಂಗಾರಪೇಟೆಯಲ್ಲಿ ರೈಲು ನಿಲ್ಲುವ ಮೊದಲೇ ಕಾಲು ಚುರುಕಾದವನು ಓಡಿ ಹತ್ತಿ, ತನ್ನವರಿಗೆಲ್ಲ ಟವಲ್ಲು, ಕರ್ಚೀಫು ಹಾಕಿ ಸೀಟು ಹಿಡಿಯುತ್ತಾನೆ. ಬಿಟ್ಟು ಹೋದನೆಂದು ಅವನನ್ನು ಯಾರೂ ಬಯ್ಯುವುದಿಲ್ಲ. ನಮ್ಮ ಗುಂಪಿನಲ್ಲಿ ಓಡುವವನು ನಾನೇ.

"ಅಕ್ಕಾ, ಸೀಟ್ ಇಡ್ದಿರ್ತೀನಿ, ಬಾ!" ಎಂದು ಕೂಗಿ ಓಡಿದೆ. ಪುಟ್ಟ ರೈಲು ಬಾಗಿಲು ತೆರೆದು ನಿಂತಿತ್ತು. ಹತ್ತಿದೆ, ಬಾಗಿಲು ಮುಚ್ಚಿತು. ಗೇಟಿನ ಹುಡುಗಿ ಹಿಂದಿಯಲ್ಲಿ ಒಬ್ಬರೇನಾ ಎಂದಳು. ಹಿಂದೆ ಬರುತ್ತಾರೆ ಎಂದೆ. ವಿಮಾನದೊಳಗೆ ನಮ್ಮ ಸೀಟು ಹುಡುಕಿ, ಕಿಟಕಿ ಪಕ್ಕದ ಅಕ್ಕನ ಸೀಟಿಗೆ ಟವಲ್ಲು ಹಾಸಿ, ಗೆದ್ದವನಂತೆ ಕೂತೆ.

ಬೆಲ್ಟು ಬಿಗಿಯಲು ಸೊಂಟಕ್ಕೆ ಕೈ ಹಾಕಿದಾಗ ಚೀಲ ತಗಲಿತು. ಒಳಗೆ ಎರಡು ಪಾಸ್‌ಪೋರ್ಟು.

ಅಕ್ಕನ ಬಳಿ ಒಂದು ಕಾಗದವೂ ಇರಲಿಲ್ಲ. ಅವಳ ಫೋನು ಅಲ್ಲಿ ನಡೆಯುತ್ತಿರಲಿಲ್ಲ. ಅವಳಿಗಾಗಿಯೇ ಓಡಿದೆ ಎಂದು ನಾನು ಈಗಲೂ ಬರೆಯಬಹುದು. ನಿಜ ಅದಲ್ಲ. ಪರದೇಶದಲ್ಲಿ ಉಳಿದುಬಿಡುವ ಹೆದರಿಕೆಯಿಂದ, ನನಗಾಗಿ ನಾನು ಓಡಿದ್ದೆ. ಟವಲ್ಲು ಹಾಕಿದ್ದು ಅದನ್ನು ಮುಚ್ಚಿಕೊಳ್ಳಲು.

ಗಗನಸಖಿ ತಡೆದರೂ ಬಿಡದೆ ಗೇಟಿಗೆ ವಾಪಸು ಬಂದೆ. ಹುಡುಗಿ ಗಡಿಯಾರ ತೋರಿಸಿದಳು. "ನೀವು ಹೋಗಿ, ಅವರನ್ನು ಮುಂದಿನ ವಿಮಾನದಲ್ಲಿ ಕಳಿಸುತ್ತೇವೆ" ಎಂದಳು. ಅಕ್ಕ ಇಲ್ಲದೆ ಹೋಗುವುದಿಲ್ಲ ಎಂದು ನನಗೆ ಬಂದಷ್ಟು ಹಿಂದಿಯಲ್ಲಿ ಹೇಳಿ, ಅವಳ ಪಾಸ್‌ಪೋರ್ಟನ್ನು ಮುಂದಿಟ್ಟು ನೆಲದ ಮೇಲೆ ಕೂತೆ. ಹುಡುಗಿ ಫೋನೆತ್ತಿದಳು.

ಆಗ ದೂರದಿಂದ ಒಂದು ಬ್ಯಾಟರಿ ಗಾಡಿ ಬಂತು. ಸಮವಸ್ತ್ರದ ಹೆಂಗಸೊಬ್ಬಳು ಓಡಿಸುತ್ತಿದ್ದಳು. ಪಕ್ಕದಲ್ಲಿ ಚೀಲ ತಬ್ಬಿಕೊಂಡು ಅಕ್ಕ.

"ಲೇ ಮುನಿರಾಜ, ಸೀಟ್ ಸಿಕ್ತೇನ್ಲಾ?"

ನಾನು ನೆಲದಿಂದ ಎದ್ದೆ. ಅವಳೇ ಹೇಳಿದಳು: "ಚಿನ್ನದ ಗಣಿಯೋರ ಕೋರಮಂಡಲ್ ಲೈನ್‌ನಾಗೆ ಅಸುವಿನ ಆಲು ಮಾರ್ವಾಗ ಕೂಗ್ತಿದ್ನಲ್ಲ, ಅಂಗೇ ನಿಂತು ಕೂಗ್ದೆ. ಕನ್ನಡ್ದಾಗೆ ಕೂಗ್ದೆ, ತೆಲುಗ್ನಾಗೆ ಕೂಗ್ದೆ, ಒಬ್ರೂ ತಿರುಗ್ಲಿಲ್ಲ. ತಮಿಳ್ನಾಗೆ ಕೂಗಿದ್ಕೆ ಈ ತಾಯಿ ಓಡ್ಬಂದ್ಲು. ಬೆಂಗ್ಳೂರು ಅಂದೆ, ಕರ್ಕೊಂಡ್ಬಂದ್ಲು." ಆ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ತಂಬಿಯಾ ಇದು?" ಎಂದಳು. ಹೌದು, ತಮ್ಮನೇ ಎಂದು ಅಕ್ಕ ತಲೆಯಾಡಿಸಿದಳು.

ಒಳಗೆ ಸೀಟಿನ ಮೇಲಿದ್ದ ಟವಲ್ಲು ಕಂಡು ಅಕ್ಕ ಜೋರಾಗಿ ನಕ್ಕಳು. "ನಂಬರ್ ಇರೋ ಸೀಟ್ಗೆ ಟವಲ್ ಬೇರೆ!" ನಗುತ್ತಲೇ ಬೆಲ್ಟು ಹಾಕಿಕೊಳ್ಳಲು ಹೋದಳು. ಕೊಂಡಿ ಎರಡು ಸಲ ತಪ್ಪಿತು. ನಾನು ಹಾಕಿಕೊಟ್ಟೆ. ಅವಳ ಪಾಸ್‌ಪೋರ್ಟು ಅವಳಿಗೇ ಕೊಟ್ಟೆ. ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡು, "ಊರ್ನಾಗೆ ಯಾರ್ಗೂ ಏಳ್ಬೇಡ. ಆಡ್ಕೊಂಡು ನಗ್ತಾರೆ" ಎಂದಳು.

ಬೆಂಗಳೂರಲ್ಲಿ ಒಳ್ಳೆ ಬಿಸಿಲು. ಬಸ್ಸಿನಲ್ಲಿ ಕೆ.ಆರ್. ಪುರಕ್ಕೆ ಬಂದು ಪ್ಲಾಟ್‌ಫಾರಂನಲ್ಲಿ ನಿಂತಿದ್ದಾಗ ಭಾವನ ಫೋನು ಬಂತು. ಕ್ಯಾಸಂಬಳ್ಳಿಯ ಅಕ್ಕನ ಮನೆಯಲ್ಲಿ ಹಾಲು ಕರೆಯುವ ಹೊತ್ತು, ಹಿಂದೆ ಹಸು ಕೂಗುತ್ತಿತ್ತು.

"ದಾರೀಲಿ ಏನೂ ತೊಂದ್ರೆ ಆಗ್ಲಿಲ್ವಾ?"

ಅಕ್ಕ ಬೇಡವೆಂದು ಕಣ್ಣು ಸನ್ನೆ ಮಾಡಿದಳು.

"ಆಯ್ತು ಭಾವ. ನಾನು ಅಕ್ಕನ್ನ ಬಿಟ್ಟು ಓಡ್ಬಿಟ್ಟಿದ್ದೆ" ಎಂದು ಎಲ್ಲ ಹೇಳಿದೆ.

ಭಾವ ಹಾಲಿನ ಬಕೆಟ್ಟು ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಈಗ ಪಕ್ದಾಗವ್ಳಾ?"

"ಅವ್ಳೆ."

"ಕೈ ಇಡ್ಕೊಂಡು ಬಾ."

ಸಂಜೆಯ ರೈಲು ಬಂತು, ಜನ ನುಗ್ಗಿದರು. ನನ್ನ ಕಾಲು ತಾನಾಗಿ ಮುಂದಕ್ಕೆ ಹೋಯಿತು. ನಿಲ್ಲಿಸಿದೆ. ಅಕ್ಕನ ಕೈ ಹಿಡಿದು ಎಲ್ಲರಿಗಿಂತ ಕೊನೆಗೆ ಹತ್ತಿದೆವು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನಾನು ಸೀಟಿಲ್ಲದೆ ನಿಂತೆ. ಪರಿಚಯದವರು, "ಏನ್ ಮುನಿರಾಜಣ್ಣ, ಫಾರಿನ್ನಾಗೆ ಕಾಲು ಬಿಟ್ಟುಬಂದ್ಯಾ?" ಎಂದು ರೇಗಿಸಿದರು.

ಮಾಲೂರಿನಲ್ಲಿ ಯಾರೋ ಎದ್ದು ಅಕ್ಕನಿಗೆ ಜಾಗ ಕೊಟ್ಟರು. ನಾನು ಬಾಗಿಲ ಬಳಿಯೇ ನಿಂತಿದ್ದೆ. ಟೇಕಲ್ ಬಂದಾಗ ಅವಳ ಪಕ್ಕದವನು ಇಳಿದ, ನಾಲ್ಕೈದು ಜನ ಆ ಕಡೆ ನುಗ್ಗಿದರು. ಅಕ್ಕ ತನ್ನ ಚೀಲದ ಮೇಲಿದ್ದ ನನ್ನ ಟವಲ್ಲು ತೆಗೆದು ಆ ಸೀಟಿನ ಮೇಲೆ ಪಟ್ಟನೆ ಹಾಸಿದಳು.

"ಇಲ್ಲಿ ಆಳ್ ಅವ್ರೆ" ಎಂದು ಕೋರಮಂಡಲ್ ದನಿಯಲ್ಲಿ ಕೂಗಿದಳು. "ನನ್ ತಮ್ಮ ಬತ್ತವ್ನೆ!"